ಬಲೆ ಮತ್ತು ಬೆಲೆ

ಬಲೆ, ಬೆಲೆ: ಈ ಎರಡು ಶಬ್ದಗಳ ನಡುವೆ ಇರುವುದು ಒಂದು ಎತ್ವದ ಅಂತರ ಮಾತ್ರ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಎತ್ವ, ಕೊಂಬುಗಳ ಲೆಕ್ಕ ಚೆನ್ನಾಗಿಯೇ ಗೊತ್ತಿರಬೇಕು. ಆದರೆ ಈ ಒಂದು ಎತ್ವ ಎಷ್ಟು ಭಾರವಾದದ್ದು ಎಂಬುದನ್ನು ನನಗೆ ತಿಳಿಸಿಕೊಟ್ಟವನು ನನ್ನದೇ ತರಗತಿಯ ಒಬ್ಬ ಹುಡುಗ.

1990ರ ದಶಕದ ಮೊದಲ ವರ್ಷಗಳ ಮಾತು. ಕರಾವಳಿಯ ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಮೊಗವೀರರ ಮನೆಯ ಹುಡುಗನೊಬ್ಬ ಎರಡನೆಯ ಬಿ.ಎ.ಯಲ್ಲಿದ್ದ. ಪಂಪನ ಪದ್ಯವನ್ನು ಬಿಡಿಸಿ ಅನ್ವಯ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಸಮೀಪಿಸಿದಾಗ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಸಾರ್, ಈ ಸಲ ಮೀನು ತುಂಬಾ ಬಿದ್ದಿದೆ" ಎಂದ.

"ಬಹಳ ಸಂತೋಷವಪ್ಪಾ" ಎಂದೆ ನಾನು.

"ಅದಕ್ಕೇ ಸಾರ್, ಮನೆಯಲ್ಲಿ ದುಡ್ಡಿಲ್ಲ" ಎಂದ.

ಹೊಲ ಗದ್ದೆಗಳ ಕಡೆಯಿಂದ ಬಂದವನಿಗೆ ಈ ಮಾತು ಒಗಟಿನಂತೆ ಕೇಳಿಸಬಹುದು. ನಾನು ಕಡಲ ತಡಿಯಲ್ಲೇ ಹುಟ್ಟಿದವನಾದರೂ ನಮ್ಮದು ತೆಂಗಿನ ತೋಟದ ಸಂಸಾರ. ಆ ಕ್ಷಣಕ್ಕೆ ನನಗೂ ಅರ್ಥವಾಗಲಿಲ್ಲ. "ಎರಡು ದಿನ ಬಿಟ್ಟು ಬಾ, ನೋಡೋಣ" ಎಂದು ಕಳುಹಿಸಿಬಿಟ್ಟೆ. ಶುಲ್ಕದ ಮೊತ್ತವೇನೂ ದೊಡ್ಡದಾಗಿರಲಿಲ್ಲ. ನನ್ನ ಕಿಸೆಯಿಂದಲೇ ಕೊಡಬಹುದಾಗಿತ್ತು. ಎರಡು ದಿನ ಬಿಟ್ಟು ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಬೋಟಿಗೆ ಹೋದನೆಂದು ಅವನ ಊರಿನ ಹುಡುಗರು ಹೇಳಿದರು.

ಮೀನಿಗೆ ಬೆಲೆ ಬಿದ್ದಾಗ ಸರ್ಕಾರ ಏನು ಮಾಡಬೇಕು ಎಂಬ ವಿಷಯವಾಗಿ ಸಾಹಿತ್ಯದ ಮೇಷ್ಟ್ರು ಮಾತನಾಡುವುದು ಅಧಿಕಪ್ರಸಂಗವೆನಿಸಿದರೆ ಕೇಳುಗರು ಕ್ಷಮಿಸಬೇಕು. ಆ ಹುಡುಗನ ಒಗಟನ್ನು ಬಿಡಿಸಿಕೊಳ್ಳಲು ನಾನು ಪಟ್ಟ ಪ್ರಯತ್ನವೇ ಈ ಮಾತು.

ಒಗಟಿನ ಮೊದಲ ಗಂಟು ಮೀನಿನ ಸ್ವಭಾವದಲ್ಲೇ ಇದೆ. ಬತ್ತ ಬೆಳೆದವನು, ಬೆಲೆ ಸರಿಯಿಲ್ಲವೆಂದರೆ, ಕಣಜದಲ್ಲಿಟ್ಟು ಒಂದು ತಿಂಗಳು ಕಾಯಬಲ್ಲ. ಅಡಿಕೆಯವನು ಒಂದು ವರ್ಷವೇ ಕಾಯಬಲ್ಲ. ಮೀನಿನವನು ಕಾಯಲಾರ. ಬಂಗುಡೆ, ಬೂತಾಯಿಗಳಂಥ ಮೀನು ನೀರಿನಿಂದ ಮೇಲೆ ಬಂದ ಗಳಿಗೆಯಿಂದಲೇ ಕೆಡಲು ತೊಡಗುತ್ತದೆ. ಮಂಜುಗಡ್ಡೆ ಅದನ್ನು ತುಸು ನಿಧಾನಿಸುತ್ತದೆ, ಅಷ್ಟೆ. ಧಕ್ಕೆಯಲ್ಲಿ ಏಲಂ ಕೂಗುವಾಗ ಕೊಳ್ಳುವವನು "ಬೇಡ" ಎಂದು ತಿರುಗಿ ಹೋಗಬಹುದು. ಮಾರುವವನಿಗೆ ಆ ಸ್ವಾತಂತ್ರ್ಯವಿಲ್ಲ. ಒಬ್ಬನಿಗೆ "ಬೇಡ" ಎನ್ನುವ ಹಕ್ಕು, ಇನ್ನೊಬ್ಬನಿಗೆ ಆ ಹಕ್ಕಿಲ್ಲ ಎಂದಾದಾಗ ಅಲ್ಲಿ ನಡೆಯುವುದನ್ನು ವ್ಯಾಪಾರವೆಂದು ಕರೆಯುವುದು ಕಷ್ಟ. ಒಬ್ಬನ ದೋಣಿ ತುಂಬಿದ ದಿನ ಎಲ್ಲರ ದೋಣಿಯೂ ತುಂಬಿರುತ್ತದೆ. ಆದ್ದರಿಂದ ಕಡಲು ಉದಾರವಾದಷ್ಟೂ ದಡ ಜಿಪುಣವಾಗುತ್ತದೆ.

ಇದು ಇಂದು ನಿನ್ನೆಯ ಕಷ್ಟವಲ್ಲ. 1960ರ ದಶಕದ ಕೊನೆಯಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಕಡಲಂಚಿನಲ್ಲಿ ರಂಪಣಿ ಬಲೆಯ ಕಾಲ. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು ಅರ್ಧಚಂದ್ರಾಕಾರವಾಗಿ ಇಳಿಸಿ ಬಂದರೆ, ಎರಡೂ ತುದಿಗಳನ್ನು ದಡದಿಂದ ಎಳೆಯಲು ಊರಿಗೆ ಊರೇ ನಿಲ್ಲಬೇಕಾಗಿತ್ತು. ಬಲೆ ಹಲವು ಮನೆಗಳಿಗೆ ಸೇರಿದ್ದು, ಎಳೆದವರಿಗೆಲ್ಲ ಪಾಲು. ಬೂತಾಯಿಯ ಹಿಂಡು ಹೊಕ್ಕಿದ ದಿನ ಕೇರಿಗೆ ಹಬ್ಬವೆಂದು ನಾವು ಮಕ್ಕಳು ತಿಳಿದಿದ್ದೆವು. ಮರುದಿನ ಅದೇ ಬೂತಾಯಿ ಗಾಡಿಗಟ್ಟಲೆ ನಮ್ಮ ತೋಟಕ್ಕೆ ಬರುತ್ತಿತ್ತು. ತೆಂಗಿನ ಬುಡ ಬಿಡಿಸಿ ಅದರಲ್ಲಿ ಸುರಿದು ಮಣ್ಣು ಮುಚ್ಚುತ್ತಿದ್ದರು. ಆ ನಾತಕ್ಕೆ ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಆ ವರ್ಷ ತೆಂಗು ಚೆನ್ನಾಗಿ ಬಿಟ್ಟಿತೆಂದು ನಮ್ಮ ಮನೆಯವರು ಸಂತೋಷಪಟ್ಟರು. ಊರೆಲ್ಲ ಸೇರಿ ಎಳೆದ ಮೀನು ಗೊಬ್ಬರದ ಬೆಲೆಗೆ ಹೋದದ್ದರಿಂದ ಆ ಕೇರಿಯಲ್ಲಿ ಏನಾಯಿತೆಂದು ಯಾರೂ ಕೇಳಲಿಲ್ಲ. ಇಂದು ತೆಂಗಿನ ಬುಡದ ಬದಲು ಮೀನಿನ ಹುಡಿ ಮಾಡುವ ಕಾರ್ಖಾನೆಗಳಿವೆ. ಮನುಷ್ಯನ ತಟ್ಟೆಗೆ ಬರಬಹುದಾಗಿದ್ದ ಬೂತಾಯಿಯಲ್ಲಿ ಒಂದು ಪಾಲು ಅಲ್ಲಿ ಹುಡಿಯಾಗಿ, ಎಣ್ಣೆಯಾಗಿ, ಸಾಕಿದ ಸಿಗಡಿಗೂ ಕೋಳಿಗೂ ಆಹಾರವಾಗುತ್ತದೆ. ರೂಪ ಬದಲಾಗಿದೆ, ಕಥೆ ಅದೇ.

ಸರ್ಕಾರಕ್ಕೆ ಇದು ತಿಳಿಯದೆ ಇರಲಿಲ್ಲ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಉಪ್ಪಿನ ಮೇಲಿನ ತೆರಿಗೆಯಿಂದಾಗಿ ಮೀನಿಗೆ ಸಾಕಷ್ಟು ಉಪ್ಪು ಹಾಕುವುದೂ ಬಡವನಿಗೆ ಸಾಧ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಂದಿನ ಸರ್ಕಾರ ಕರಾವಳಿಯುದ್ದಕ್ಕೂ ಮೀನು ಉಪ್ಪು ಹಾಕುವ ಕಟ್ಟೆಗಳನ್ನು ತೆರೆದು, ಅಲ್ಲಿ ಮಾತ್ರ ತೆರಿಗೆಯಿಲ್ಲದ ಉಪ್ಪನ್ನು ಕೊಡತೊಡಗಿತು. ತಾನೇ ಹಾಕಿದ ಭಾರವನ್ನು ತಾನೇ ಒಂದಿಷ್ಟು ಇಳಿಸಿ ಉಪಕಾರವೆಂದು ಕರೆದುಕೊಳ್ಳುವುದು ಸರ್ಕಾರಗಳ ಹಳೆಯ ಅಭ್ಯಾಸ. ಅದೇನೇ ಇರಲಿ, ಆ ಉಪ್ಪಿನಿಂದ ಒಂದು ದೊಡ್ಡ ಉಪಯೋಗವಾಯಿತು: ಮೀನು ಕಾಯುವಂತಾಯಿತು. ಮೀನು ಕಾದರೆ ಮಾರುವವನೂ ಕಾಯಬಲ್ಲ. ಮುಂದೆ 1905ರಿಂದ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತದ ಮೀನುಗಾರಿಕೆಯ ಕೆಲಸವನ್ನು ಕೈಗೆತ್ತಿಕೊಂಡರು. ಬೂತಾಯಿಯನ್ನು ಕಡಲ ದಂಡೆಯಲ್ಲಿ ಸುಮ್ಮನೆ ಒಣಗಿಸಿ ಕೊಳೆಯಿಸುವ ಬದಲು ಬೇಯಿಸಿ ಎಣ್ಣೆ ತೆಗೆದು, ಉಳಿದದ್ದನ್ನು ಒಳ್ಳೆಯ ಗೊಬ್ಬರವಾಗಿ ಮಾರುವ ಕ್ರಮವನ್ನು ಪಶ್ಚಿಮ ಕರಾವಳಿಯಲ್ಲಿ ಹಬ್ಬಿಸಿದರು. ಮೀನುಗಾರರ ಸಹಕಾರಿ ಸಂಘಗಳ ಮಾತನ್ನೂ ಎತ್ತಿದರು. ಹೆಚ್ಚು ಹಿಡಿಯುವುದಕ್ಕಿಂತ ಹಿಡಿದದ್ದನ್ನು ಕೆಡದಂತೆ ಮಾರುವುದು ಮುಖ್ಯವೆಂಬ ತಿಳಿವಳಿಕೆ ನೂರು ವರ್ಷಗಳ ಹಿಂದೆಯೇ ಇಲ್ಲಿ ಇತ್ತೆಂಬುದಕ್ಕೆ ಈ ಮಾತು.

ಒಗಟಿನ ಎರಡನೆಯ ಗಂಟು ಸಾಲ. ಇದನ್ನು ನನಗೆ ಕಲಿಸಿದ್ದು ಒಂದು ಕಾದಂಬರಿ. ತಗಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' 1956ರಲ್ಲಿ ಮಲಯಾಳದಲ್ಲಿ ಬಂತು. ಅದರ ಚಲನಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ನಾವು ನೆನಪಿಟ್ಟಿರುವುದು ಕರುತ್ತಮ್ಮ, ಪರೀಕುಟ್ಟಿಯರ ಪ್ರೇಮವನ್ನು. ಆದರೆ ಕಥೆಯ ಬೇರು ಎಲ್ಲಿದೆ? ಚೆಂಬನ್‌ಕುಞ್ಞಿಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ಮೀನಿನ ವ್ಯಾಪಾರಿಯಾದ ಪರೀಕುಟ್ಟಿ ಹಣ ಕೊಡುತ್ತಾನೆ. ಹಿಡಿದ ಮೀನನ್ನು ಅವನಿಗೇ ಕೊಡಬೇಕೆಂಬುದು ಮಾತು. ಕಾದಂಬರಿಯಲ್ಲಿ ಮೋಸ ಹೋಗುವವನು ವ್ಯಾಪಾರಿ. ಜೀವನದಲ್ಲಿ ಸಾಮಾನ್ಯವಾಗಿ ಆಗುವುದು ಅದಕ್ಕೆ ವಿರುದ್ಧ. ದೋಣಿಗೆ, ಬಲೆಗೆ, ಎಂಜಿನ್ನಿನ ರಿಪೇರಿಗೆ, ಮನೆಯ ಮದುವೆಗೆ ಮುಂಗಡ ಕೊಟ್ಟವನ ಮೂಲಕವೇ ಮೀನು ಮಾರಬೇಕು. ಆಗ ಏಲಂ ಶುರುವಾಗುವ ಮೊದಲೇ ಬೆಲೆಯ ಅರ್ಧಭಾಗ ನಿರ್ಧಾರವಾಗಿಹೋಗಿರುತ್ತದೆ.

ಈ ಎರಡು ಗಂಟುಗಳನ್ನು ಒಟ್ಟಿಗೆ ಬಿಡಿಸಲು ಯತ್ನಿಸಿದ ಒಂದು ದೇಶ ನಾರ್ವೆ. ಆ ದೇಶದ ಉತ್ತರಕ್ಕೆ ಲೋಫೋಟೆನ್ ಎಂಬ ದ್ವೀಪಗಳ ಸಾಲಿದೆ. ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ ಕಾಡ್ ಎಂಬ ಮೀನು ಮೊಟ್ಟೆಯಿಡಲು ಅಲ್ಲಿಗೆ ಬರುತ್ತದೆ. ಅದನ್ನು ಹಿಡಿಯಲು ತೆರೆದ ದೋಣಿಗಳಲ್ಲಿ ಬರುತ್ತಿದ್ದ ಬಡ ಬೆಸ್ತರ ಬಾಳನ್ನು ಯೋಹಾನ್ ಬೋಯರ್ ಎಂಬ ಲೇಖಕ 1921ರ ತನ್ನ 'ಕೊನೆಯ ವೈಕಿಂಗ್' ಕಾದಂಬರಿಯಲ್ಲಿ ಚಿತ್ರಿಸಿದ್ದಾನೆ. ಅಲ್ಲಿಯೂ ಧಕ್ಕೆ, ಗುಡಿಸಲು, ಅಂಗಡಿ ಎಲ್ಲವೂ ಒಬ್ಬನೇ ಧಣಿಯದಾಗಿರುವ ಊರುಗಳಿದ್ದವು. ಅಂಥ ಕಡೆ ಉಪ್ಪು, ಹಿಟ್ಟು, ಹಗ್ಗ ಸಾಲ ತರುವುದೂ ಅವನಲ್ಲೇ, ಮೀನು ಮಾರುವುದೂ ಅವನಿಗೇ. 1930ರ ದಶಕದ ಜಾಗತಿಕ ಕುಸಿತದಲ್ಲಿ ಬೆಲೆ ನೆಲಕಚ್ಚಿದಾಗ ಅಲ್ಲಿನ ಸರ್ಕಾರ 1938ರಲ್ಲಿ ಒಂದು ಶಾಸನ ಮಾಡಿತು. ಅದರ ತಿರುಳನ್ನು ಎರಡು ವಾಕ್ಯಗಳಲ್ಲಿ ಹೇಳಬಹುದು. ದೋಣಿಯಿಂದ ಇಳಿದ ಮೀನಿನ ಮೊದಲ ಮಾರಾಟ ಮೀನುಗಾರರದೇ ಆದ ಮಾರಾಟ ಸಂಘದ ಮೂಲಕ, ಇಲ್ಲವೆ ಅದರ ಒಪ್ಪಿಗೆಯಿಂದ ನಡೆಯಬೇಕು. ಕೊಳ್ಳುವವರೊಡನೆ ಮಾತುಕತೆ ನಡೆಸಿ ಕನಿಷ್ಠ ಬೆಲೆ ನಿಶ್ಚಯಿಸಬೇಕು. ಒಪ್ಪಂದವಾಗದಿದ್ದರೆ ಸಂಘವೇ ನಿಶ್ಚಯಿಸಬಹುದು.

ಗಮನಿಸಬೇಕಾದ ಅಂಶ ಇದು: ಆ ಶಾಸನ ಮೀನುಗಾರನ ಕೈಗೆ ಹಣ ಕೊಡಲಿಲ್ಲ, ಒಂದು ಹಕ್ಕನ್ನು ಕೊಟ್ಟಿತು. "ಈ ಬೆಲೆಗೆ ಬೇಡ" ಎನ್ನುವ ಹಕ್ಕನ್ನು ಒಬ್ಬೊಬ್ಬನಿಗೆ ಕೊಟ್ಟರೆ ಪ್ರಯೋಜನವಿಲ್ಲ, ಪಕ್ಕದ ದೋಣಿಯವನು ಕೊಟ್ಟುಬಿಡುತ್ತಾನೆ. ಎಲ್ಲರಿಗೂ ಒಟ್ಟಾಗಿ ಕೊಟ್ಟದ್ದರಿಂದ ಅದು ನಿಂತಿತು. 2013ರಲ್ಲಿ ಅಲ್ಲಿ ಹೊಸ ಶಾಸನ ಬಂದರೂ ಈ ತತ್ತ್ವವನ್ನು ಕೈಬಿಡಲಿಲ್ಲ.

ಈಗ ನಮ್ಮ ಕಡಲಿಗೆ ಬರೋಣ. ನಾರ್ವೆಗೂ ನಮಗೂ ನೇರವಾದ ಒಂದು ನಂಟುಂಟು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ, ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ–ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಬಡ ಮೀನುಗಾರರ ಸ್ಥಿತಿ ಸುಧಾರಿಸುವುದೇ ಅದರ ಉದ್ದೇಶ. ಎಂಜಿನ್ ದೋಣಿಗಳು ಬಂದವು. ಮಂಜುಗಡ್ಡೆಯ ಕಾರ್ಖಾನೆ, ಆಸ್ಪತ್ರೆ, ಕುಡಿಯುವ ನೀರು ಬಂದವು. 1963ರಲ್ಲಿ ಯೋಜನೆ ವಿಸ್ತಾರಗೊಂಡಾಗ ನಮ್ಮ ಕಾರವಾರಕ್ಕೂ ಅದರ ಒಂದು ಶಾಖೆ ಬಂತು. 1972ರಲ್ಲಿ ನಾರ್ವೆಯವರು ಎಲ್ಲವನ್ನೂ ನಮಗೊಪ್ಪಿಸಿ ಹೊರಟರು. ಅಷ್ಟರಲ್ಲಿ ಸಿಗಡಿಯ ರಫ್ತಿನ ಹಣ ಕಂಡವರೆಲ್ಲ ಟ್ರಾಲ್ ದೋಣಿಗಳಿಗೆ ಬಂಡವಾಳ ಹಾಕಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ನಮ್ಮ ಕರಾವಳಿಗೆ ಬಂತು. ರಂಪಣಿಗೆ ದಡದ ಹತ್ತಿರ ಬರಬೇಕಾಗಿದ್ದ ಹಿಂಡುಗಳನ್ನು ಅದು ಆಚೆಯೇ ಸುತ್ತಿ ಹಾಕಿತು. ಕೆಲವೇ ವರ್ಷಗಳಲ್ಲಿ ಊರಿಗೆ ಊರೇ ಎಳೆಯುತ್ತಿದ್ದ ಬಲೆ ಮೂಲೆ ಸೇರಿತು.

ನಾರ್ವೆಯಿಂದ ನಮಗೆ ದೋಣಿ ಬಂತು, ಮಂಜುಗಡ್ಡೆ ಬಂತು, ಶಾಸನ ಬರಲಿಲ್ಲ. ಬಲೆ ಬಂತು, ಬೆಲೆ ಬರಲಿಲ್ಲ. ಇದಕ್ಕಾಗಿ ನಾರ್ವೆಯವರನ್ನು ದೂರುವಂತಿಲ್ಲ. ಯಾವ ದೇಶವೂ ತನ್ನ ಶಾಸನವನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾರದು. ಅದನ್ನು ನಾವೇ ಮಾಡಿಕೊಳ್ಳಬೇಕಾಗಿತ್ತು.

ಹಾಗೆಂದ ಮಾತ್ರಕ್ಕೆ ನಮ್ಮ ಸರ್ಕಾರಗಳು ಕೈಕಟ್ಟಿ ಕುಳಿತವೆಂದಲ್ಲ. ಕರ್ನಾಟಕದಲ್ಲಿ ಬೋಟುಗಳಿಗೆ ಮಾರಾಟ ತೆರಿಗೆಯ ಹೊರೆಯಿಲ್ಲದ ಡೀಸೆಲ್ ಇದೆ. ಮನೆ ಕಟ್ಟಲು 'ಮತ್ಸ್ಯಾಶ್ರಯ' ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದಷ್ಟೆ. ಅಂಥ ಬರಗಾಲಕ್ಕೆಂದು ಮೀನುಗಾರ ಕೂಡಿಟ್ಟ ಹಣಕ್ಕೆ ರಾಜ್ಯ, ಕೇಂದ್ರಗಳು ತಮ್ಮ ಪಾಲು ಸೇರಿಸಿ ಕೊಡುವ ಉಳಿತಾಯ–ಪರಿಹಾರ ಯೋಜನೆ ಇದೆ. ಕೃಷಿಕರ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ವಿಸ್ತರಿಸಿದೆ. 2019ರಲ್ಲಿ ಕೇಂದ್ರದಲ್ಲಿ ಮೀನುಗಾರಿಕೆ ಮತ್ತು ಪಶುಸಂಗೋಪನೆಗೆ ಪ್ರತ್ಯೇಕ ಸಚಿವಾಲಯವೇ ಆಯಿತು. 2020ರಲ್ಲಿ 20,050 ಕೋಟಿ ರೂಪಾಯಿಗಳ ಮತ್ಸ್ಯ ಸಂಪದ ಯೋಜನೆ ಬಂತು. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣಲಾರೆ. ಸೋರುವ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಮನೆಯ ಬೆಲೆ ಗೊತ್ತು.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ನೆರವಿನಲ್ಲಿ ಎಷ್ಟು ಪಾಲು ಬಲೆಯ ಕಡೆಗೆ ಹೋಗುತ್ತದೆ, ಎಷ್ಟು ಪಾಲು ಬೆಲೆಯ ಕಡೆಗೆ? ಬತ್ತ, ರಾಗಿ, ಜೋಳ ಮೊದಲಾದ 22 ಬೆಳೆಗಳಿಗೆ ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಸಾರುತ್ತದೆ. ಆ ಪಟ್ಟಿಯಲ್ಲಿ ಮೀನಿಲ್ಲ. ಬೆಲೆ ಬಿದ್ದಾಗ ಡೀಸೆಲ್ ಅಗ್ಗವಾದರೆ ಬೋಟು ಇನ್ನೊಂದು ಸಲ ಕಡಲಿಗೆ ಹೋಗುತ್ತದೆ. ಇನ್ನಷ್ಟು ಮೀನು ಬರುತ್ತದೆ. ಬೆಲೆ ಇನ್ನಷ್ಟು ಇಳಿಯುತ್ತದೆ. ಕಡಲು ಇದನ್ನು ಕೊನೆಯವರೆಗೂ ಸಹಿಸುವುದೂ ಇಲ್ಲ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟಿದ್ದ ಬೂತಾಯಿಯ ಇಳುವರಿ 2021ರಲ್ಲಿ 3,300 ಟನ್ನಿನ ಆಸುಪಾಸಿಗೆ ಬಂತು. ಅದಕ್ಕೆ ಮಳೆ, ನೀರಿನ ಉಷ್ಣತೆಗಳ ಏರುಪೇರೂ ಕಾರಣ. ಎಲ್ಲವನ್ನೂ ಬಲೆಯ ತಲೆಗೆ ಕಟ್ಟಬಾರದು. ಆದರೂ, ಬೆಲೆಯಿಲ್ಲದ ಕೊರತೆಯನ್ನು ತೂಕದಿಂದ ತುಂಬಿಕೊಳ್ಳಲು ಹೊರಟವನು ಮರಿಯನ್ನೂ ಬಿಡಲಾರ ಎಂಬುದು ಸತ್ಯ.

ನಾರ್ವೆಯನ್ನು ಹೊಗಳಿದ ಮೇಲೆ ಅದರ ತಪ್ಪನ್ನೂ ಹೇಳಬೇಕು. 1964ರಲ್ಲಿ ಅಲ್ಲಿನ ಸರ್ಕಾರ ಮೀನುಗಾರರ ಸಂಘದೊಡನೆ ಒಪ್ಪಂದ ಮಾಡಿಕೊಂಡು ವರ್ಷ ವರ್ಷವೂ ಖಜಾನೆಯಿಂದಲೇ ನೆರವು ಕೊಡತೊಡಗಿತು. ಅದೇ ದಶಕದ ಕೊನೆಗೆ, ಸುಧಾರಿಸಿದ ಪರ್ಸೀನ್ ಬಲೆಗಳ ಹೊಡೆತಕ್ಕೆ ಅವರ ಹೆರಿಂಗ್ ಮೀನಿನ ಸಂತತಿಯೇ ಕುಸಿದುಬಿತ್ತು. ಒಳ್ಳೆಯ ಬೆಲೆಯೊಂದೇ ಮೀನನ್ನು ಕಾಯಲಾರದು. ಹಿಡಿಯುವುದಕ್ಕೂ ಮಿತಿ ಬೇಕೆಂಬುದನ್ನು ಅವರು ಕಷ್ಟಪಟ್ಟು ಕಲಿತರು. ಮಿತಿಮೀರಿ ಹಿಡಿದು ಕುಸಿದ ಮೀನು ಸಂತತಿಗಳನ್ನು ಹಿಡಿಯುವುದಕ್ಕೆ ಸಹಾಯಧನ ಕೊಡಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರಲ್ಲಿ ಅಂಗೀಕಾರವಾಗಿ 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದದ್ದು ಇಂಥ ಪಾಠಗಳ ಫಲವೇ.

ಇನ್ನೊಂದು ಆಕ್ಷೇಪಣೆಯೂ ನ್ಯಾಯವಾದದ್ದೇ. ಬೂತಾಯಿ ಬಡವರ ಮೀನು. ಅದಕ್ಕೆ ಕನಿಷ್ಠ ಬೆಲೆ ಕಟ್ಟಿದರೆ ಕೂಲಿಯವನ ಗಂಜಿಯ ಬದಿಯಲ್ಲಿರುವ ಒಂದು ತುಂಡು ಮೀನೂ ಹೋಗಬೇಕೆ? ಮಾರಿಹೋಗದೆ ಉಳಿದದ್ದನ್ನು ಯಾರು ಕೊಳ್ಳಬೇಕು? ಇಲ್ಲಿ ನಾನು ಧಕ್ಕೆಯ ಬೆಲೆಯನ್ನೂ ಪೇಟೆಯ ಬೆಲೆಯನ್ನೂ ಬೇರೆ ಬೇರೆಯಾಗಿ ನೋಡಬೇಕೆನ್ನುತ್ತೇನೆ. ಧಕ್ಕೆಯಲ್ಲಿ ಬೆಲೆ ಬಿದ್ದ ದಿನ ಪೇಟೆಯಲ್ಲಿ ಅಷ್ಟೇ ಇಳಿದದ್ದನ್ನು ನಾನು ಕಂಡಿಲ್ಲ. ನಡುವಿನ ಆ ಅಂತರದಲ್ಲಿ ಮಂಜುಗಡ್ಡೆ, ಲಾರಿ ಬಾಡಿಗೆಗಳ ನ್ಯಾಯವಾದ ಪಾಲೂ ಇದೆ, ನ್ಯಾಯವಲ್ಲದ ಪಾಲೂ ಇದೆ. ಬುಟ್ಟಿ ಹೊತ್ತು ಮನೆ ಮನೆಗೆ ಬರುವ ಹೆಂಗಸಿನ ಪಾಲು ಅದರಲ್ಲಿ ತೀರ ಸಣ್ಣದು. ಯಾವ ಸುಧಾರಣೆಯೂ ಮೊದಲು ಅವಳ ಬುಟ್ಟಿಗೆ ಕೈಹಾಕಬಾರದು.

ನಮ್ಮಂಥ ದೇಶದಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ದೂರದ ಉತ್ತರ ಬೇಕಾಗಿಲ್ಲ. ತಿರುವನಂತಪುರದ ಬಳಿ ಮರಿಯನಾಡು ಎಂಬ ಊರಿದೆ. ಅಲ್ಲಿನ ಬಡ ಮೀನುಗಾರರು 1970ರ ದಶಕದಲ್ಲೇ ಸಂಘ ಕಟ್ಟಿ, ಮರಳ ಮೇಲಿನ ಏಲಂ ಅನ್ನು ತಮ್ಮ ಕೈಗೆ ತೆಗೆದುಕೊಂಡರು. ಕೂಗುವವನು ಸಂಘದವನು, ಹಣ ಬರುವುದು ಸಂಘಕ್ಕೆ, ಅದರಲ್ಲೇ ಸಾಲದ ಕಂತಿಗೆ ಒಂದಿಷ್ಟು, ಉಳಿತಾಯಕ್ಕೆ ಒಂದಿಷ್ಟು. ಅಂಥ ಸಂಘಗಳು ಸೇರಿ 1980ರಲ್ಲಿ ಒಂದು ದಕ್ಷಿಣ ಭಾರತ ಒಕ್ಕೂಟವೇ ಆಯಿತು. 2021ರಲ್ಲಿ ಕೇರಳ ಸರ್ಕಾರ ಮೀನಿನ ಏಲಂ ಮತ್ತು ಮಾರಾಟವನ್ನು ನಿಯಂತ್ರಿಸುವ ಶಾಸನವನ್ನೂ ಮಾಡಿತು. ನಮ್ಮ ಕರಾವಳಿಯಲ್ಲಿಯೂ ಮೀನುಗಾರರ ಸಹಕಾರಿ ಸಂಘಗಳಿಗೆ ಹಳೆಯ ಇತಿಹಾಸವಿದೆ. ಅವು ಡೀಸೆಲ್, ಮಂಜುಗಡ್ಡೆ, ಸಾಲಗಳನ್ನು ಒದಗಿಸುವಷ್ಟೇ ಗಟ್ಟಿಯಾಗಿ ಮೊದಲ ಮಾರಾಟದ ಜಾಗದಲ್ಲೂ ನಿಲ್ಲುವಂತೆ ಮಾಡುವುದು ಸರ್ಕಾರದ ನೆರವಿನ ಗುರಿಯಾಗಬೇಕು. ಸುಗ್ಗಿಯ ನಾಲ್ಕು ದಿನ ಮೀನನ್ನು ತಡೆದಿಡುವ ಶೈತ್ಯಾಗಾರ ಧಕ್ಕೆಯ ಪಕ್ಕದಲ್ಲಿರಬೇಕು. ಅದರ ಬೀಗದ ಕೈ ಹಿಡಿದವನ ಸಂಘದಲ್ಲಿರಬೇಕು. ಅಂದಿನ ತೆರಿಗೆಯಿಲ್ಲದ ಉಪ್ಪು ಮಾಡಿದ ಕೆಲಸವನ್ನು ಇಂದು ಅದು ಮಾಡಬಲ್ಲದು.

ನಿವೃತ್ತನಾದ ಮೇಲೆ ಒಂದು ದಿನ ಬೆಳಗ್ಗೆ ಧಕ್ಕೆಗೆ ಹೋಗಿದ್ದೆ. "ಸಾರ್" ಎಂದು ಯಾರೋ ಕರೆದರು. ಅದೇ ಹುಡುಗ, ತಲೆ ನರೆತಿತ್ತು. ಒಂದು ಬೋಟಿನಲ್ಲಿ ಈಗ ಅವನಿಗೂ ಪಾಲಿದೆಯಂತೆ. ಚಹಾ ಕುಡಿಸಿದ. ಸರ್ಕಾರದ ಸಬ್ಸಿಡಿ ಬರುತ್ತದೆಯೇ ಎಂದು ಕೇಳಿದೆ.

"ಬರ್ತದೆ ಸಾರ್, ಬರುವುದಿಲ್ಲ ಅಂತ ಹೇಳುವುದಿಲ್ಲ. ಸ್ವಲ್ಪ ತಡ ಆಗ್ತದೆ" ಎಂದ. ಏಲಂ ಕೂಗುತ್ತಿದ್ದವರ ಗುಂಪಿನ ಕಡೆ ನೋಡಿ, "ಮೀನು ನಮ್ಮದು ಸಾರ್. ಬೆಲೆ ಹೇಳುವಾಗ ಮಾತ್ರ ನಾವು ಹೀಗೆ ಬದಿಯಲ್ಲಿ ನಿಂತಿರುವುದು" ಎಂದ.

ಅವನ ಮಾತಿನಲ್ಲಿ ದೂರಿರಲಿಲ್ಲ. ನನಗೆ ಮಾತ್ರ ನನ್ನ ಕೋಣೆಯ ಬಾಗಿಲೂ, ನಾನು ಹೇಳಿದ "ಎರಡು ದಿನ ಬಿಟ್ಟು ಬಾ" ಎಂಬ ಮಾತೂ ನೆನಪಾದವು. ಎರಡು ದಿನ ಮೀನು ಕಾಯುವುದಿಲ್ಲ. ಮೀನನ್ನು ನಂಬಿದ ಮನೆಯೂ ಕಾಯುವುದಿಲ್ಲ. ಆಮೇಲೆ ಬರುವ ನೆರವು ಪರಿಹಾರವಾಗಬಹುದು, ಬೆಲೆಯಾಗಲಾರದು. ಬದಿಯಲ್ಲಿ ನಿಂತಿರುವವರನ್ನು ಆ ಗುಂಪಿನ ನಡುವಿಗೆ, ಬೆಲೆ ಹೇಳುವ ಜಾಗಕ್ಕೆ ಕರೆತರುವುದೇ ಸರ್ಕಾರ ಕೊಡಬಹುದಾದ ದೊಡ್ಡ ನೆರವೆಂದು ನನಗೆ ತೋರುತ್ತದೆ.

ಚಹಾದ ದುಡ್ಡು ಕೊಡಲು ಹೋದೆ. ಅವನು ತೆಗೆದುಕೊಳ್ಳಲು ಬಿಡಲಿಲ್ಲ.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)